ಮೋಟಾರು ದೋಣಿ: ನೀರಿನಲ್ಲಿ ಒಂದು ಪಾಲು, ದಡದಲ್ಲಿ ಮೂರು ಪಾಲು

ಇವತ್ತಿನ ವಿಷಯ ಮೋಟಾರು ದೋಣಿ. ಮಲ್ಪೆಯ ಬಂದರಿನಲ್ಲಿ ಸಾಲುಗಟ್ಟಿ ನಿಂತಿರುವ ಮೀನುಗಾರಿಕೆಯ ಬೋಟಲ್ಲ, ಹೊಳೆ ದಾಟಿಸುವ ಕಡವಿನ ದೋಣಿಯೂ ಅಲ್ಲ. ಭಾನುವಾರ ಬಂತೆಂದರೆ ಮನೆಮಂದಿಯನ್ನು ಕೂರಿಸಿಕೊಂಡು, ಬುತ್ತಿ ಕಟ್ಟಿಕೊಂಡು, ಸರೋವರ ಸುತ್ತಿ ಬರುವುದಕ್ಕೆಂದೇ ಇಟ್ಟುಕೊಳ್ಳುವ ಸ್ವಂತ ದೋಣಿ. ನಮ್ಮಲ್ಲಿ ಅದು ಸಿರಿವಂತರ ಷೋಕಿ ಎಂದೇ ಲೆಕ್ಕ. ಸರ್ಕಾರವೂ ಹಾಗೇ ಲೆಕ್ಕ ಹಾಕಿದೆ; 2025ರ ಸೆಪ್ಟೆಂಬರಿನಿಂದ ವಿಹಾರ ನೌಕೆಗಳ ಮೇಲಿನ ಜಿಎಸ್‌ಟಿ ಶೇಕಡಾ 40. ಅಮೆರಿಕದ ಮಿನಿಸೋಟಾ ರಾಜ್ಯಕ್ಕೆ ಹೋದರೆ ಮಾತೇ ಬೇರೆ. ಅಲ್ಲಿ ಶಾಲೆಯ ಮೇಷ್ಟರ ಮನೆಯ ಹಿತ್ತಲಲ್ಲಿ, ನಲ್ಲಿ ರಿಪೇರಿ ಮಾಡುವವನ ಮನೆಯಂಗಳದಲ್ಲಿ, ಟ್ರೈಲರಿನ ಮೇಲೆ ಒಂದು ದೋಣಿ ಕೂತಿರುತ್ತದೆ. ಆ ರಾಜ್ಯವೊಂದರಲ್ಲೇ ನೋಂದಾಯಿತ ದೋಣಿಗಳು ಎಂಟು ಲಕ್ಷದ ಆಸುಪಾಸು. ಅಲ್ಲಿಗೆ ಕೆಲಸಕ್ಕೆಂದು ಹೋಗಿ ನೆಲೆಸಿದ ನಮ್ಮ ಹುಡುಗರೂ ಮನೆ ಆಯಿತು, ಕಾರಾಯಿತು, ಇನ್ನು ದೋಣಿ ಎನ್ನತೊಡಗಿದ್ದಾರೆ. ಊರಿಗೆ ಫೋನು ಮಾಡಿ ಸುದ್ದಿ ಹೇಳಿದಾಗ ತಂದೆತಾಯಿಗಳಿಗೆ ಏನು ಕೇಳಬೇಕೆಂದೇ ತೋಚುವುದಿಲ್ಲ. ಅವರಿಗೂ ಇವರಿಗೂ ಸೇರಿಸಿ ನಾಲ್ಕು ಮಾತು ಹೇಳುತ್ತೇನೆ.

ಮೊದಲೇ ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ದೋಣಿ ಓಡುವುದು ನೀರಿನ ಮೇಲೆ. ಆದರೆ ದೋಣಿಯ ಒಡೆತನ ನಡೆಯುವುದು ದಡದ ಮೇಲೆ. ಒಳ್ಳೆಯ ದೋಣಿಯೋ ಕೆಟ್ಟದ್ದೋ ಎಂದು ತೀರ್ಮಾನವಾಗುವುದು ದಡದಲ್ಲಿ. ಅದು ಬಾಳುವುದು, ಹಾಳಾಗುವುದು ದಡದಲ್ಲಿ. ಅದರಲ್ಲಿ ಕೂತವರು ಸುರಕ್ಷಿತವಾಗಿ ಮರಳುವರೇ ಎಂಬುದೂ ಬಹುಪಾಲು ದಡದಲ್ಲೇ ನಿಶ್ಚಯವಾಗುತ್ತದೆ. ಇದನ್ನು ತಿಳಿಯದೆ ಕೊಂಡವನಿಗೆ ದೋಣಿ ಮೊದಲ ಬೇಸಿಗೆಗೆ ಸಂಭ್ರಮ, ಎರಡನೆಯದಕ್ಕೆ ಹೊರೆ.

ಮಿನಿಸೋಟಾಕ್ಕೂ ದೋಣಿಗೂ ಇರುವ ನಂಟು ಹಳೆಯದು. ಹತ್ತು ಎಕರೆಗಿಂತ ದೊಡ್ಡದಾದ ಸರೋವರಗಳನ್ನಷ್ಟೇ ಎಣಿಸಿದರೂ ಅಲ್ಲಿ 11,842 ಇವೆ. ಮಿಸಿಸಿಪ್ಪಿ ನದಿ ಅಗಲವಾಗಿ ಹರಡಿಕೊಳ್ಳುವ ಪೆಪಿನ್ ಸರೋವರದಲ್ಲಿ, 1922ರ ಬೇಸಿಗೆಯಲ್ಲಿ, ರಾಲ್ಫ್ ಸ್ಯಾಮುಯೆಲ್‌ಸನ್ ಎಂಬ ಹದಿನೆಂಟರ ಹುಡುಗ ಎರಡು ಹಲಗೆ ತಂದು, ತುದಿಗಳನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಬಾಗಿಸಿ, ಕಾಲಿಗೆ ಕಟ್ಟಿಕೊಂಡು ಅಣ್ಣನ ಮೋಟಾರು ದೋಣಿಯ ಹಿಂದೆ ಹಗ್ಗ ಹಿಡಿದು ನಿಂತ. ವಾಟರ್ ಸ್ಕೀಯಿಂಗ್ ಎಂಬ ಆಟ ಹುಟ್ಟಿದ್ದು ಹಾಗೆ. 1952ರಲ್ಲಿ ರಿಚ್‌ಮಂಡ್ ಎಂಬ ಊರಿನ ರೈತ ಆಂಬ್ರೋಸ್ ವೀರ್ಸ್, ಕಬ್ಬಿಣದ ಪೀಪಾಯಿಗಳನ್ನು ಒಂದಕ್ಕೊಂದು ಬೆಸೆದು, ಅವುಗಳ ಮೇಲೆ ಮರದ ಜಗಲಿ ಹಾಸಿ ಸರೋವರಕ್ಕೆ ಬಿಟ್ಟ. ಇವತ್ತು ಪಾಂಟೂನ್ ಎಂದು ಹೆಸರಾದ ದೋಣಿಯ ಮೂಲ ಅದು. ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಎಂಜಿನ್ನನ್ನು ಜನರ ಕೈಗೆಟಕುವಂತೆ ಮಾಡಿದವನು ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಓಲೆ ಎವಿನ್‌ರೂಡ್. ಪ್ರೇಯಸಿ ಬೆಸ್‌ಗೆ ಐಸ್‌ಕ್ರೀಮು ತರಲು ಸರೋವರದ ಆಚೆ ದಡಕ್ಕೆ ಹುಟ್ಟು ಹಾಕಿಕೊಂಡು ಹೋಗಿ ಬರುವಷ್ಟರಲ್ಲಿ ಅದು ಕರಗಿಹೋಯಿತಂತೆ. ಆ ಬಿಸಿಲು, ಆ ಬೆವರಿನಲ್ಲೇ ಎಂಜಿನ್ನಿನ ಯೋಚನೆ ಹುಟ್ಟಿತೆಂದು ಕಥೆ. 1909ರಲ್ಲಿ ಕಂಪನಿ ಕಟ್ಟಿದ. ವ್ಯವಹಾರ ನೋಡಿಕೊಂಡವಳು ಅದೇ ಬೆಸ್. ಆ ಹೆಸರಿನ ಎಂಜಿನ್ನುಗಳ ತಯಾರಿಕೆ ನಿಂತದ್ದು 2020ರಲ್ಲಿ, ನೂರಹತ್ತು ವರ್ಷ ನಡೆದ ಮೇಲೆ.

ಇನ್ನು ಕೊಳ್ಳುವ ವಿಚಾರ. ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಕೂತು ಕೇಳಿಕೊಳ್ಳಬೇಕಾದ ಪ್ರಶ್ನೆ: ಯಾವ ನೀರಿಗೆ, ಎಷ್ಟು ಜನಕ್ಕೆ, ಏನು ಮಾಡುವುದಕ್ಕೆ? ಗಾಳ ಹಾಕಿ ಮೀನು ಹಿಡಿಯುವವರಿಗೆ ಹದಿನಾರು ಹದಿನೆಂಟು ಅಡಿಯ ಅಲ್ಯೂಮಿನಿಯಂ ದೋಣಿ, ಹಿಂದೊಂದು ಔಟ್‌ಬೋರ್ಡ್ ಎಂಜಿನ್, ಅಷ್ಟು ಸಾಕು. ಹಗುರ, ಎಳೆಯುವುದು ಸುಲಭ, ಕಲ್ಲಿಗೆ ತಾಗಿದರೆ ನೆಗ್ಗಬಹುದು, ಒಡೆಯುವುದು ಕಡಿಮೆ. ಅಜ್ಜ ಅಜ್ಜಿ, ಮೊಮ್ಮಕ್ಕಳೆಲ್ಲ ಕೂತು ನಿಧಾನವಾಗಿ ಸುತ್ತಬೇಕೆನ್ನುವ ಸಂಸಾರಕ್ಕೆ ಪಾಂಟೂನ್. ನೆಲ ಸಮತಟ್ಟು, ಸುತ್ತ ಕಟಾಂಜನ, ಎದ್ದು ಓಡಾಡಿದರೂ ಅಷ್ಟಾಗಿ ವಾಲುವುದಿಲ್ಲ. ಸ್ಕೀಯಿಂಗು, ವೇಗ ಎಂದು ಕುಣಿಯುವ ಪ್ರಾಯದ ಮಕ್ಕಳಿದ್ದರೆ ಮುಂಭಾಗದಲ್ಲೂ ಆಸನವಿರುವ ಫೈಬರ್‌ಗ್ಲಾಸಿನ ಬೌರೈಡರ್. ಇದರಲ್ಲಿ ಅನೇಕವಕ್ಕೆ ಎಂಜಿನ್ ದೋಣಿಯ ಒಳಗೇ ಇರುತ್ತದೆ, ಪಂಖ ಮಾತ್ರ ಹೊರಗೆ.

ನೀರಿನ ಗುಣವನ್ನೂ ನೋಡಬೇಕು. ಮಿನಿಯಾಪೊಲಿಸ್ ನಗರದ ಪಶ್ಚಿಮಕ್ಕಿರುವ ಮಿನೆಟೊಂಕಾ ಸರೋವರದಲ್ಲಿ ಕೊಲ್ಲಿಗಳು, ಮರೆಗಳು ಬಹಳ. ಗಾಳಿ ಎದ್ದರೆ ನುಗ್ಗಿ ನಿಲ್ಲಲು ಜಾಗವಿದೆ. ಉತ್ತರದ ಮಿಲ್ ಲ್ಯಾಕ್ಸ್ ಬಯಲಿನಂಥ ಸರೋವರ, ಅಗಲ ಹೆಚ್ಚು, ಆಳ ಕಡಿಮೆ. ಅಲ್ಲಿ ಗಾಳಿ ತಿರುಗಿದರೆ ನೋಡನೋಡುತ್ತ ಅಲೆ ಏಳುತ್ತದೆ. ಸುಪೀರಿಯರ್ ಅಂತೂ ಹೆಸರಿಗಷ್ಟೇ ಸರೋವರ, ವರ್ತನೆಯಲ್ಲಿ ಸಮುದ್ರವೇ. ಹದಿನಾರು ಅಡಿಯ ದೋಣಿಗೆ ಅಲ್ಲಿ ಕೆಲಸವಿಲ್ಲ.

ಎಷ್ಟು ಜನ ಎಂಬ ಪ್ರಶ್ನೆಗೆ ಉತ್ತರ ದೋಣಿಯಲ್ಲೇ ಇರುತ್ತದೆ. ಅಮೆರಿಕದಲ್ಲಿ 1972ರಿಂದೀಚೆಗೆ ತಯಾರಾದ, ಇಪ್ಪತ್ತು ಅಡಿಯೊಳಗಿನ ಸಾಮಾನ್ಯ ಮೋಟಾರು ದೋಣಿಗಳಿಗೆ ಒಂದು ತಗಡು ಅಂಟಿಸಿರಲೇಬೇಕು. ಎಷ್ಟು ಮಂದಿ, ಒಟ್ಟು ಎಷ್ಟು ತೂಕ, ಔಟ್‌ಬೋರ್ಡ್ ಆದರೆ ಎಂಜಿನ್ ಎಷ್ಟು ಅಶ್ವಶಕ್ತಿಯದು ಎಂಬ ಮಿತಿಗಳು ಅದರಲ್ಲಿ ಬರೆದಿರುತ್ತವೆ. ತಗಡಿಲ್ಲದ ದೋಣಿಗೆ ಅಲ್ಲಿನ ಕರಾವಳಿ ರಕ್ಷಣಾ ಪಡೆ ಒಂದು ಅಂದಾಜು ಲೆಕ್ಕ ಹೇಳುತ್ತದೆ: ಉದ್ದವನ್ನು ಅಗಲದಿಂದ ಗುಣಿಸಿ, ಎರಡೂ ಅಡಿಗಳಲ್ಲಿ, ಬಂದದ್ದನ್ನು ಹದಿನೈದರಿಂದ ಭಾಗಿಸಿ. ಹದಿನೆಂಟು ಅಡಿ ಉದ್ದ, ಏಳು ಅಡಿ ಅಗಲವಾದರೆ ಎಂಟು ಜನ. ಅದೂ ನೀರು ಶಾಂತವಿದ್ದಾಗ. ನಾವು ಮದುವೆ ದಿಬ್ಬಣದ ಜೀಪು ತುಂಬಿ ರೂಢಿಯಾದವರು. ಒಬ್ಬರಿಗೆ ಇನ್ನೊಬ್ಬರು ಸರಿದು ಜಾಗ ಮಾಡಿಕೊಡುವುದು ನಮ್ಮ ಸಂಸ್ಕಾರ. ಆ ಸಂಸ್ಕಾರವನ್ನು ದಡದಲ್ಲಿ ಬಿಟ್ಟೇ ದೋಣಿ ಹತ್ತಬೇಕು.

ಹೊಸದೋ ಹಳೆಯದೋ? ಹೊಸ ಪಾಂಟೂನಿಗೆ ಎಂಜಿನ್ನೂ ಸೇರಿ ಹತ್ತಾರು ಸಾವಿರ ಡಾಲರು. ಬೆಲೆ ಬಹುಬೇಗ ಇಳಿಯುವುದು ಮೊದಲ ಕೆಲವು ವರ್ಷಗಳಲ್ಲಿ. ಹಾಗಾಗಿ ಮೊದಲ ದೋಣಿ ಹಳೆಯದಾಗಿರಲಿ ಎಂಬುದು ಬಲ್ಲವರ ಮಾತು. ಆದರೆ ಹಳೆಯದನ್ನು ಕೊಳ್ಳುವವನಿಗೆ ಕಣ್ಣು ಬೇಕು, ಅಥವಾ ಕಣ್ಣಿರುವವನನ್ನು ಕರೆದೊಯ್ಯುವ ವಿವೇಕ ಬೇಕು.

ಅಲ್ಲಿರುವ ನನ್ನ ಷಡ್ಡಕನ ಜೊತೆ ಇಂಥ ಒಂದು ದೋಣಿ ನೋಡಲು ಹೋದದ್ದುಂಟು. ಹದಿನೆಂಟು ಅಡಿಯ ಬೌರೈಡರ್, ನೀಲಿ ಬಿಳಿ ಬಣ್ಣ, ಮಿರಿಮಿರಿ ಪಾಲಿಶು. "ಭಾವ, ನೋಡಿ, ಷೋರೂಮಿನಿಂದ ಈಗ ತಂದ ಹಾಗಿದೆ" ಅಂದ. ಪುಣ್ಯಕ್ಕೆ ಕೂಲಿ ಕೊಟ್ಟು ಒಬ್ಬ ಮೆಕ್ಯಾನಿಕ್ಕನ್ನೂ ಕರೆತಂದಿದ್ದ. ಆತ ಪಾಲಿಶಿನ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ಎಂಜಿನ್ನಿನ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ನಾವು ಬರುವ ಮೊದಲೇ ಮಾರುವವರು ಎಂಜಿನ್ ಚಾಲೂ ಮಾಡಿ ಬಿಸಿಮಾಡಿದ್ದರೆ, ತಣ್ಣಗಿರುವಾಗ ಅದು ಸತಾಯಿಸುತ್ತದೆ ಎಂದು ಅನುಮಾನಿಸಬೇಕಂತೆ. ಆಮೇಲೆ ಚೀಲದಿಂದ ಒಂದು ಪ್ಲಾಸ್ಟಿಕ್ ತಲೆಯ ಸುತ್ತಿಗೆ ತೆಗೆದು, ಪಂಖದ ಭಾರವನ್ನೆಲ್ಲ ಹೊತ್ತಿರುವ ಹಿಂಬದಿಯ ಗೋಡೆಯನ್ನು ಅಂಗುಲ ಅಂಗುಲವಾಗಿ ಬಡಿಯುತ್ತ ಬಂದ. ಟಕ್, ಟಕ್, ಟಕ್. ಕೆಳಗೆ ಬಲಮೂಲೆಗೆ ಬಂದಾಗ ಸದ್ದು ಬದಲಾಯಿತು. ಡಬ್. ಮತ್ತೆ ಬಡಿದ. ಡಬ್. ಫೈಬರಿನ ಎರಡು ಪದರಗಳ ನಡುವೆ ಪ್ಲೈವುಡ್ ಇಟ್ಟಿರುತ್ತಾರೆ. ಎಲ್ಲೋ ಒಂದು ಸ್ಕ್ರೂ ತೂತಿನಿಂದ ವರ್ಷಗಟ್ಟಲೆ ನೀರು ಜಿನುಗಿ ಅದು ಕೊಳೆತಿತ್ತು. ಕೊನೆಗೆ ಪಂಖದ ಗೇರ್ ಪೆಟ್ಟಿಗೆಯ ಅಡಿಯ ಸ್ಕ್ರೂ ಸಡಿಲಿಸಿ ನಾಲ್ಕು ಹನಿ ಎಣ್ಣೆ ಬೆರಳಿಗೆ ತೆಗೆದುಕೊಂಡ. ಹಾಲು ಹೆಚ್ಚಾದ ಕಾಫಿಯ ಬಣ್ಣ. ಎಣ್ಣೆಗೆ ನೀರು ಸೇರಿದೆ, ಸೀಲು ಹೋಗಿದೆ ಎಂದರ್ಥ. ಎರಡೂ ರಿಪೇರಿ ಸೇರಿದರೆ ಸಾವಿರಾರು ಡಾಲರು. ದೋಣಿಯನ್ನು ನೀರಿಗಿಳಿಸುವ ಪ್ರಮೇಯವೇ ಬರಲಿಲ್ಲ, ಕೈಮುಗಿದು ಹೊರಟೆವು.

ಹೀಗೆ ಪರೀಕ್ಷೆ ದಾಟಿದ ದೋಣಿಯನ್ನು ನೀರಿಗಿಳಿಸಿ ಓಡಿಸಿಯೂ ನೋಡಬೇಕು. ಎಂಜಿನ್ನಿನ ಸಿಲಿಂಡರುಗಳ ಒತ್ತಡ ಅಳೆಸಬೇಕು. ಒಂದಕ್ಕೂ ಇನ್ನೊಂದಕ್ಕೂ ಹತ್ತನೇ ಒಂದು ಪಾಲಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಚ್ಚರ. ದೋಣಿಯ ಹಿಂಬದಿ ಬಲಮೂಲೆಯಲ್ಲಿ ಹನ್ನೆರಡು ಅಕ್ಷರ, ಅಂಕಿಗಳ ಗುರುತು ಸಂಖ್ಯೆ ಕೆತ್ತಿರುತ್ತದೆ. ಈಗಿನ ದೋಣಿಗಳಲ್ಲಿ ಅದರ ಕೊನೆಯ ಎರಡು ಅಂಕಿ ಮಾದರಿಯ ವರ್ಷ. ಅದು ಕಾಗದಪತ್ರದ ಜೊತೆ ತಾಳೆಯಾಗದಿದ್ದರೆ ಬೆಲೆ ಎಷ್ಟೇ ಅಗ್ಗವಾಗಿರಲಿ, ಆಸೆ ಬಿಡಬೇಕು. ಎಂಜಿನ್ ಎಷ್ಟು ಗಂಟೆ ಓಡಿದೆ ಎಂದೂ ಕೇಳಬೇಕು, ಆದರೆ ಕಡಿಮೆ ಓಡಿದ್ದೇ ಒಳ್ಳೆಯದೆಂದು ನಂಬಬಾರದು. ವರ್ಷಗಟ್ಟಲೆ ಓಡದೆ ಮೂಲೆಯಲ್ಲಿ ನಿಂತ ಎಂಜಿನ್ನಿಗಿಂತ, ವರ್ಷಕ್ಕೆ ನೂರು ಗಂಟೆ ಓಡಿ ಹೊತ್ತುಹೊತ್ತಿಗೆ ಎಣ್ಣೆ ಬದಲಿಸಿಕೊಂಡ ಎಂಜಿನ್ ಮೇಲು.

ಕೊಂಡಾಯಿತು. ಈಗ ಖರ್ಚಿನ ಮಾತು. ದೋಣಿಯ ಬೆಲೆಯ ಹತ್ತನೇ ಒಂದು ಪಾಲು ಪ್ರತಿವರ್ಷ ಅದರ ಉಸ್ತುವಾರಿಗೆ ಎತ್ತಿಡಿ ಎಂಬುದು ಅಲ್ಲಿನವರ ಅಂದಾಜು. ವಿಮೆ, ನೋಂದಣಿ, ಚಳಿಗಾಲದಲ್ಲಿ ನಿಲ್ಲಿಸುವ ಜಾಗದ ಬಾಡಿಗೆ, ಟ್ರೈಲರಿನ ಟೈರು ಬೇರಿಂಗು, ಬ್ಯಾಟರಿ, ಎಂಜಿನ್ನನ್ನು ತಂಪಾಗಿಡುವ ನೀರಿನ ಪಂಪಿನ ರಬ್ಬರ್ ಚಕ್ರ. ಸಣ್ಣ ಚಕ್ರ ಅದು, ಬೆಲೆಯೂ ಹೆಚ್ಚಲ್ಲ. ಆದರೆ ಅದು ಸವೆದು ನೀರು ಏರದಿದ್ದರೆ ಎಂಜಿನ್ ಕೆಲವೇ ನಿಮಿಷದಲ್ಲಿ ಕಾದು ಕೆಡುತ್ತದೆ. ಪೆಟ್ರೋಲಿನ ಕಥೆ ಇನ್ನೂ ಸ್ವಾರಸ್ಯ. ಪೂರ್ಣ ವೇಗದಲ್ಲಿ ಓಡಿಸಿದರೆ ನೂರೈವತ್ತು ಅಶ್ವಶಕ್ತಿಯ ಎಂಜಿನ್ ಗಂಟೆಗೆ ಸುಮಾರು ಹದಿನೈದು ಗ್ಯಾಲನ್, ಅಂದರೆ 57 ಲೀಟರಿನಷ್ಟು ಕುಡಿಯುತ್ತದೆ. ನಡುನೀರಿನಲ್ಲಿ ಪೆಟ್ರೋಲ್ ಬಂಕು ಇರುವುದಿಲ್ಲ. ಆದ್ದರಿಂದ ಟ್ಯಾಂಕನ್ನು ಮೂರು ಪಾಲು ಮಾಡಿ, ಹೋಗಲು ಒಂದು, ಬರಲು ಒಂದು, ಆಪತ್ತಿಗೆ ಒಂದು ಎಂಬ ಲೆಕ್ಕ ತಪ್ಪಬಾರದು.

ದೋಣಿಯ ಹಿಂಬದಿಯ ತಳದಲ್ಲಿ ಒಂದು ತೂತು, ಅದಕ್ಕೊಂದು ಹಿತ್ತಾಳೆಯದೋ ರಬ್ಬರಿನದೋ ಬಿರಡೆ. ಹೆಬ್ಬೆರಳಿನಷ್ಟು ದಪ್ಪ. ಒಳಗೆ ಸೇರಿದ ನೀರು ಬಸಿದು ಹೋಗಲೆಂದು ಮಾಡಿದ್ದು. ನೀರಿಗಿಳಿಸುವ ಮೊದಲು ಅದನ್ನು ಹಾಕದಿದ್ದರೆ ದೋಣಿ ದಡದ ಹತ್ತಿರವೇ ಮುಳುಗತೊಡಗುತ್ತದೆ. ಹಾಗಾದರೆ ಸದಾ ಹಾಕಿಯೇ ಇಡೋಣ ಎಂದರೆ ಮಿನಿಸೋಟಾದಲ್ಲಿ ಅದಕ್ಕೂ ಅವಕಾಶವಿಲ್ಲ. ಸರೋವರದಿಂದ ಹೊರಟ ದೋಣಿ ರಸ್ತೆಗೆ ಬರುವ ಮೊದಲು ನೀರೆಲ್ಲ ಬಸಿದು, ಬಿರಡೆ ಬಿಚ್ಚಿಯೇ ಸಾಗಬೇಕೆಂದು ಕಾನೂನು, ತಪ್ಪಿದರೆ ದಂಡ. ಕಾರಣ, ಜೀಬ್ರಾ ಮಸಲ್ ಎಂಬ ಪಟ್ಟೆಪಟ್ಟೆಯ ಪುಟ್ಟ ಚಿಪ್ಪುಜೀವಿ. ಯುರೋಪಿನ ಕಡೆಯ ಹಡಗುಗಳ ತಳದ ನೀರಿನಲ್ಲಿ ಬಂದು, 1988ರಲ್ಲಿ ಅಮೆರಿಕ-ಕೆನಡಾ ಗಡಿಯ ಸೇಂಟ್ ಕ್ಲೇರ್ ಸರೋವರದಲ್ಲಿ ಮೊದಲು ಕಣ್ಣಿಗೆ ಬಿತ್ತು. ಮರುವರ್ಷವೇ ಮಿನಿಸೋಟಾದ ಡುಲುತ್ ಬಂದರಿನಲ್ಲಿ. ಅದರ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲ. ದೋಣಿಯೊಳಗೆ ಉಳಿದ ಒಂದು ಚೊಂಬು ನೀರಿನಲ್ಲೇ ಒಂದು ಸರೋವರದಿಂದ ಇನ್ನೊಂದಕ್ಕೆ ಪಯಣ ಮಾಡುತ್ತವೆ. ಹೋದಲ್ಲಿ ನೀರಿನ ಕೊಳವೆಗಳಿಗೆ ಮೆತ್ತಿಕೊಂಡು ಅವನ್ನು ಮುಚ್ಚಿಬಿಡುತ್ತವೆ, ಮೀನಿನ ಮರಿಗಳ ಆಹಾರ ಸೋಸಿ ತಿನ್ನುತ್ತವೆ. ಅಲ್ಲಿನ ದೋಣಿಯವರಿಗೆ ಹೀಗೆ ಬಿರಡೆಯ ವಿಷಯದಲ್ಲಿ ಎರಡು ಬಾರಿ ಜ್ಞಾಪಕ ಬೇಕು: ಇಳಿಸುವಾಗ ಹಾಕಲಿಕ್ಕೆ, ಏರಿಸಿದಾಗ ತೆಗೆಯಲಿಕ್ಕೆ.

ದಡದ ಕೆಲಸದಲ್ಲಿ ದೊಡ್ಡದು ಚಳಿಗಾಲದ ತಯಾರಿ. ನವೆಂಬರ್, ಡಿಸೆಂಬರ್ ಹೊತ್ತಿಗೆ ಅಲ್ಲಿ ಸರೋವರಗಳು ಹೆಪ್ಪುಗಟ್ಟುತ್ತವೆ, ಏಪ್ರಿಲಿನವರೆಗೂ ಬಿಡುವುದಿಲ್ಲ. ನೀರು ಮಂಜುಗಡ್ಡೆಯಾದಾಗ ಶೇಕಡಾ ಒಂಬತ್ತರಷ್ಟು ಹಿಗ್ಗುತ್ತದೆ. ದೋಣಿಯೊಳಗಿರುವ ಎಂಜಿನ್ನಿನ ಎರಕದ ಸಂದುಗಳಲ್ಲಿ ತಂಪುಮಾಡುವ ನೀರು ಉಳಿದಿದ್ದರೆ ಆ ಹಿಗ್ಗಿಗೆ ಕಬ್ಬಿಣವೇ ಸೀಳುತ್ತದೆ. ವಸಂತದಲ್ಲಿ ತೆರೆದು ನೋಡಿದರೆ ಎಂಜಿನ್ ಗುಜರಿ. ಔಟ್‌ಬೋರ್ಡನ್ನು ನೆಟ್ಟಗೆ ನಿಲ್ಲಿಸಿದರೆ ನೀರು ತಾನೇ ಇಳಿದುಹೋಗುತ್ತದೆ. ಚಳಿನಾಡಿನಲ್ಲಿ ಅದಕ್ಕೆ ಬೇಡಿಕೆ ಇರುವುದಕ್ಕೆ ಇದೂ ಒಂದು ಕಾರಣ. ಎಥನಾಲ್ ಬೆರೆತ ಪೆಟ್ರೋಲು ತಿಂಗಳುಗಟ್ಟಲೆ ನಿಂತರೆ ತೇವ ಹೀರಿಕೊಂಡು ಕೆಡುತ್ತದೆ. ಅದು ಕೆಡದಂತೆ ಟ್ಯಾಂಕಿಗೆ ಔಷಧ ಬೆರೆಸಬೇಕು. ಸಿಲಿಂಡರಿಗೆ ಎಣ್ಣೆ ಸಿಂಪಡಿಸಿ, ಗೇರಿನ ಎಣ್ಣೆ ಬದಲಿಸಿ, ಬ್ಯಾಟರಿ ಕಳಚಿ, ಹೊದಿಕೆ ಬಿಗಿದು ಕಟ್ಟಬೇಕು. ಒಂದು ಶನಿವಾರದ ಕೆಲಸ. ಸೋಮಾರಿತನದಲ್ಲಿ ಅದನ್ನು ತಪ್ಪಿಸಿದರೆ ಮುಂದಿನ ಬೇಸಿಗೆಯೇ ಕೈತಪ್ಪುತ್ತದೆ.

ಇನ್ನು ಜೀವದ ಮಾತು. ಅಮೆರಿಕದ ಕರಾವಳಿ ರಕ್ಷಣಾ ಪಡೆ ಪ್ರತಿವರ್ಷ ವಿಹಾರ ದೋಣಿಗಳ ಅಪಘಾತದ ವರದಿ ಹೊರಡಿಸುತ್ತದೆ. ವರ್ಷ ಬದಲಾಗುತ್ತದೆ, ಸಾರ ಬದಲಾಗುವುದಿಲ್ಲ: ಸತ್ತವರಲ್ಲಿ ಸುಮಾರು ಮುಕ್ಕಾಲು ಪಾಲು ಮುಳುಗಿ ಸತ್ತವರು, ಹಾಗೆ ಮುಳುಗಿದವರಲ್ಲಿ ಐವರಿಗೆ ನಾಲ್ವರಿಗಿಂತ ಹೆಚ್ಚು ಮಂದಿ ಲೈಫ್ ಜಾಕೆಟ್ ತೊಟ್ಟಿರಲಿಲ್ಲ. ಜಾಕೆಟ್ಟು ದೋಣಿಯಲ್ಲಿ ಇರಲೇ ಇಲ್ಲವೆಂದಲ್ಲ. ಎಷ್ಟೋ ಕಡೆ ಆಸನದ ಕೆಳಗೆ ಭದ್ರವಾಗಿತ್ತು. ಬಿದ್ದ ಮೇಲೆ ತೊಡುತ್ತೇನೆ ಎಂದರೆ ಆಗುವ ಕೆಲಸವಲ್ಲ. ಚಳಿನಾಡಿನ ವಸಂತದ ನೀರು ಎಷ್ಟು ತಣ್ಣಗಿರುತ್ತದೆಂದರೆ ಬಿದ್ದ ಕ್ಷಣಕ್ಕೇ ಉಸಿರು ಹಿಡಿದು, ಈಜು ಬಲ್ಲವನ ಕೈಕಾಲೂ ಮರಗಟ್ಟುತ್ತವೆ.

2021ರ ಏಪ್ರಿಲ್ 1ರಿಂದ ಅಲ್ಲಿ ಇನ್ನೊಂದು ನಿಯಮ ಜಾರಿಯಾಗಿದೆ. ಇಪ್ಪತ್ತಾರು ಅಡಿಯೊಳಗಿನ ದೋಣಿಯಲ್ಲಿ ಎಂಜಿನ್ ನಿಲ್ಲಿಸುವ ಸ್ವಿಚ್ಚಿದ್ದರೆ, ಅದರ ಕೆಂಪು ಹುರಿಯ ಇನ್ನೊಂದು ತುದಿ ಓಡಿಸುವವನ ಮೈಗೆ ಸಿಕ್ಕಿಸಿರಬೇಕು. ಆತ ಆಯ ತಪ್ಪಿ ನೀರಿಗೆ ಬಿದ್ದರೆ ಹುರಿ ಕಳಚಿ ಎಂಜಿನ್ ನಿಲ್ಲುತ್ತದೆ. ಇಲ್ಲವಾದರೆ ಯಾರೂ ಹಿಡಿಯದ ದೋಣಿ ಸುತ್ತು ಹಾಕಿಕೊಂಡು ಬಿದ್ದವನ ಮೇಲೆಯೇ ಪಂಖದ ಸಮೇತ ಬರುತ್ತದೆ. ಒಳ ಎಂಜಿನ್ನಿನ ದೋಣಿಯವರು ಇನ್ನೊಂದು ತಿಳಿದಿರಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ದೋಣಿಯ ತಳದಲ್ಲಿ ತುಂಬಿಕೊಂಡು ಕಿಡಿಗೆ ಕಾಯುತ್ತಿರುತ್ತದೆ. ಅದಕ್ಕೇ ಕೀಲಿ ತಿರುಗಿಸುವ ಮೊದಲು ನಾಲ್ಕು ನಿಮಿಷ ಒಳಗಿನ ಗಾಳಿ ಹೊರದೂಡುವ ಬ್ಲೋವರ್ ಓಡಿಸಿ ಎಂದು ಎಚ್ಚರಿಕೆಯ ಫಲಕವೇ ಇರುತ್ತದೆ. ಎಂಜಿನ್ ನಡೆಯುತ್ತಿರುವಾಗ ಹಿಂಬದಿಯ ಮೆಟ್ಟಿಲಲ್ಲಿ ಮಕ್ಕಳನ್ನು ಕೂರಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಿಷ; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿದು ಓಡಿಸುವುದು ರಸ್ತೆಯಲ್ಲಿ ಹೇಗೋ ನೀರಿನಲ್ಲೂ ಹಾಗೇ ಅಪರಾಧ. ಮಿನಿಸೋಟಾ 2025ರ ಜುಲೈಯಿಂದ ದೋಣಿ ಓಡಿಸುವವರಿಗೆ ವಯಸ್ಸಿಗೆ ಅನುಗುಣವಾಗಿ ಹಂತಹಂತದಲ್ಲಿ ತರಬೇತಿಯ ಪರ್ಮಿಟ್ ಕಡ್ಡಾಯ ಮಾಡುತ್ತಿದೆ.

ಇದೆಲ್ಲ ಅಮೆರಿಕದ ಕಟ್ಟಳೆ, ನಮಗೇಕೆ ಎನ್ನಬೇಡಿ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಜನ ತೀರಿಕೊಂಡರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ವಿಹಾರಕ್ಕೆ ಹೊರಟ ದೋಣಿ ಮುಳುಗಿ ಇಪ್ಪತ್ತೆರಡು ಜನ. ಅವರಲ್ಲಿ ಬಹಳಷ್ಟು ಮಂದಿ ಮಕ್ಕಳು. ಎರಡೂ ಕಡೆ ಮೊದಲು ಕೇಳಿಬಂದದ್ದು ಮಿತಿ ಮೀರಿ ಜನ ತುಂಬಿದರೆಂಬ ಮಾತು. 1917ರ ಹಳೆಯ ಶಾಸನದ ಬದಲಿಗೆ ನಮ್ಮಲ್ಲೂ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ. ಯಾಂತ್ರಿಕ ದೋಣಿಗಳ ತಪಾಸಣೆ, ನೋಂದಣಿ ಎಲ್ಲ ಅದರಲ್ಲಿವೆ. ಕಾಯ್ದೆ ಪುಸ್ತಕದಲ್ಲಿರುತ್ತದೆ; ದೋಣಿಗೆ ಹತ್ತುವವರು ನಾವು.

ಕಡೆಯದಾಗಿ, ಹೊರನಾಡಿನ ನಮ್ಮ ಹುಡುಗರಿಗೆ. ಅಲ್ಲಿ ದಿನದ ಲೆಕ್ಕದಲ್ಲಿ ದೋಣಿ ಬಾಡಿಗೆಗೆ ಸಿಗುತ್ತದೆ. ಮೊದಲ ಬೇಸಿಗೆಯನ್ನು ಬಾಡಿಗೆಯಲ್ಲೇ ಕಳೆಯಿರಿ. ನಿಮಗೆ ಬೇಕಾದ್ದು ಯಾವ ಬಗೆ, ಮನೆಯವರಿಗೆ ನಿಜಕ್ಕೂ ಹಿಡಿಸಿತೇ, ರಜೆ ಎಷ್ಟು ಸಿಗುತ್ತದೆ, ಎಲ್ಲ ತಿಳಿಯುತ್ತದೆ. ಹಲವು ದೋಣಿಗಳು ವರ್ಷಕ್ಕೆ ಐವತ್ತು ಗಂಟೆಯೂ ಓಡುವುದಿಲ್ಲ. ನಿಮ್ಮದೂ ಅಷ್ಟೇ ಎಂದಾದರೆ ಬಾಡಿಗೆಯೇ ಲಾಭ, ಕೊಳ್ಳುವ ಗೊಡವೆ ಬೇಡ. ಕೈ ಮಸಿ ಮಾಡಿಕೊಳ್ಳುವ ಕೆಲಸದಲ್ಲೂ ಖುಷಿ ಕಾಣುವವರು ನೀವಾದರೆ ಸಣ್ಣದೊಂದನ್ನು, ಪರೀಕ್ಷೆ ಮಾಡಿಸಿ, ಧಾರಾಳವಾಗಿ ಕೊಳ್ಳಿ. ಊರಿನಲ್ಲಿರುವ ತಂದೆತಾಯಂದಿರು ಮಗ ದೋಣಿ ಕೊಂಡೆ ಎಂದಾಗ ಬೆಲೆ ಕೇಳಬೇಡಿ. ಎಲ್ಲರಿಗೂ ಜಾಕೆಟ್ ಇದೆಯೇ, ತೊಟ್ಟೇ ಕೂರುತ್ತೀರಾ ಎಂದು ಕೇಳಿ. ಮುಂದಿನ ರಜೆಗೆ ಮಲ್ಪೆಗೋ ಕಾರವಾರಕ್ಕೋ ಹೋದಾಗ ದೋಣಿ ಹತ್ತುವ ಮೊದಲು ಅಲ್ಲಿನವರನ್ನೂ ಅದೇ ಪ್ರಶ್ನೆ ಕೇಳಿ. ಜಾಕೆಟ್ ಇಲ್ಲವೆಂದರೆ, ಜನ ಹೆಚ್ಚಾಗಿದ್ದಾರೆಂದರೆ, ಕೊಟ್ಟ ಟಿಕೆಟ್ಟಿನ ದುಡ್ಡು ಹೋದರೆ ಹೋಗಲಿ, ಇಳಿದುಬಿಡಿ.